ಮಾವನ ಶನಿವಾರದ ಗೆಳೆಯರು

ಮಾವನ ಉತ್ತರಕ್ರಿಯೆ ಮುಗಿದು, ಊರಿನಿಂದ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಮೇಲೆ ಕರೆದರು.

"ಬಾಲ್ಕನಿಯ ಫ್ರಿಜ್ಜು ಒಂದು ಖಾಲಿ ಮಾಡಿಕೊಡ್ತೀಯಾ ಮಗಾ? ನನ್ನಿಂದ ಆಗುವುದಿಲ್ಲ."

ಆ ಫ್ರಿಜ್ಜಿಗೆ ಅತ್ತೆ ಯಾವತ್ತೂ ಕೈ ಹಚ್ಚಿದವರಲ್ಲ. ಅಡುಗೆಮನೆಯ ದೊಡ್ಡ ಫ್ರಿಜ್ಜು ಅವರದು. ಅದರಲ್ಲಿ ಮೊಸರು, ದೋಸೆ ಹಿಟ್ಟು, ದೇವರಿಗೆ ತಂದ ಹೂವು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಂತ ಗಿಡ್ಡ ಫ್ರಿಜ್ಜು ಮಾವನದು. ಅದರಲ್ಲಿ ಬಿಯರು ಮತ್ತು ಚೀಸು. ಮಾವ ಅದನ್ನು ತೆರೆದಾಗಲೆಲ್ಲ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಆ ಹೆಣದ ನಾತ ಹೊರಗೇ ಇರಲಿ, ದೇವರ ಕೋಣೆಗೆ ಬರುವುದು ಬೇಡ" ಎಂದು ಗೊಣಗುತ್ತಿದ್ದರು. ಅವತ್ತು ನಾನು ಬಾಗಿಲು ತೆರೆದಾಗ ಅದೇ ನಾತ ಬಂದು ಮುಖಕ್ಕೆ ಬಡಿಯಿತು. ಅತ್ತೆ ಹಿಂದೆಯೇ ನಿಂತಿದ್ದರು. ಸೆರಗು ಎತ್ತಲಿಲ್ಲ. ಸುಮ್ಮನೆ ಉಸಿರು ಎಳೆದುಕೊಂಡು ನಿಂತಿದ್ದರು.

ಮಾವ, ಅತ್ತೆ ಎಂದು ಕರೆಯುತ್ತೇನೆಯೇ ಹೊರತು ಅವರು ನನಗೆ ನೆಂಟರಲ್ಲ. ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ನಮ್ಮದು ಎರಡನೆಯ ಮಾಳಿಗೆ, ಅವರದು ಮೂರನೆಯದು. ಮದುವೆಯಾಗಿ ಬಂದ ಹೊಸತರಲ್ಲಿ ನಳದ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಹೇಳಿಕೊಟ್ಟವರು ಅತ್ತೆ. ಉಡುಪಿ ಕಡೆಯವರು ಎಂಬ ಒಂದೇ ಎಳೆಯಿಂದ ಅವರು ನನಗೆ ಅತ್ತೆಯಾದರು, ಅವರ ಯಜಮಾನರು ಮಾವನಾದರು.

ಮಾವ ಅಂಧೇರಿಯ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಊಟದ ಜೊತೆ ಬಾಟಲಿಯೂ ಸಿಗುವ ಹೋಟೆಲಿನಲ್ಲಿ, ದುಡ್ಡಿನ ಗಲ್ಲೆಯ ಮೇಲೆ ಕುಳಿತು ತಲೆ ನರೆಸಿಕೊಂಡವರು. ಎದುರಿಗೆ ಎಷ್ಟೋ ಸಾವಿರ ಬಾಟಲಿಗಳು ತೆರೆದುಕೊಂಡವು. ಒಂದು ಹನಿಯನ್ನೂ ಅವರು ಮುಟ್ಟಲಿಲ್ಲ. "ಗಲ್ಲೆಯವನು ಕುಡಿದರೆ ಹೋಟೆಲು ಕುಡಿದ ಹಾಗೆ" ಎನ್ನುತ್ತಿದ್ದರು. ಬಾಯಿಗೆ ಸಿಗದ್ದನ್ನು ಮೂಗು ತೆಗೆದುಕೊಂಡಿತು. ಯಾವ ಟೇಬಲ್ಲಿನ ಬಿಯರು ಹಳೆಯದು, ಯಾವ ಬಾಟಲಿ ಬಿಸಿಲಿನಲ್ಲಿ ನಿಂತು ಬಂದದ್ದು ಎಂಬುದು ಅವರಿಗೆ ಕುಳಿತಲ್ಲಿಂದಲೇ ತಿಳಿಯುತ್ತಿತ್ತಂತೆ. ತಮ್ಮ ಮೂಗಿನ ಎರಡು ಹೊಳ್ಳೆಗಳ ಬಗ್ಗೆ ಮಾತಾಡುವಾಗ ಯಾರೋ ಇಬ್ಬರು ಮಕ್ಕಳ ಬಗ್ಗೆ ಮಾತಾಡಿದ ಹಾಗೆ ಇರುತ್ತಿತ್ತು. ಒಂದು ಹೊಳ್ಳೆ ಮುಚ್ಚಿ, ಇನ್ನೊಂದರಿಂದ ಮೂಸಿ, "ಎಡದ್ದು ಉದಾರಿ ಮಗಾ, ಎಲ್ಲದಕ್ಕೂ ಚೆಂದ ಅಂತದೆ. ಬಲದ್ದು ಮಾತ್ರ ಕಂಜೂಸ್. ಅದು ಒಪ್ಪಿದರೆ ಮಾಲು ಒಳ್ಳೇದು" ಎನ್ನುವರು.

ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಸಂಜೆ ಮಾವ ಮೆಟ್ಟಿಲು ಹತ್ತಿ ಬರುವುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಪ್ರತಿ ಮಾಳಿಗೆಯ ಅಡುಗೆಯನ್ನೂ ಸಾರುತ್ತಾ ಬರುವರು. ಕೆಳಗಿನ ಮರಾಠಿ ಬಾಯಿಯ ಮನೆಯಲ್ಲಿ ಮೀನು ಹುರಿಯುತ್ತಿದ್ದರೆ ಅವರ ಬಾಗಿಲಲ್ಲಿ, "ವಹಿನಿ, ಬೊಂಬಿಲ್ ಆಜ್ ಏಕದಂ ತಾಜಾ!" ನಮ್ಮ ಬಾಗಿಲಿಗೆ ಬಂದರೆ, "ಏ ಮಗಾ, ಹುರುಳಿ ಸಾರಿಗೆ ಇಷ್ಟು ಇಂಗು ಹಾಕಿದ್ದೀಯಲ್ಲ, ಗಂಡನಿಗೆ ಹೊಟ್ಟೆನೋವಾ?" ನನ್ನ ಗಂಡ ಒಳಗಿನಿಂದಲೇ ಕೂಗುವರು, "ಹೊಟ್ಟೆನೋವು ನಿಮ್ಮ ಮೂಗಿಂದ ಮಾವ, ನಮಗೆ ಗುಟ್ಟಾಗಿ ಒಂದು ಉಪ್ಪಿಟ್ಟು ಮಾಡ್ಲಿಕ್ಕೂ ಇಲ್ಲ!"

ಕೆಲಸದಿಂದ ನಿವೃತ್ತರಾದ ಮೇಲೆಯೇ ಅವರು ಬಿಯರಿನ ರುಚಿ ನೋಡಿದ್ದು. ಅದೂ ಒಂದು ಪುಟ್ಟ ಲೋಟದಲ್ಲಿ ಎರಡು ಗುಟುಕು. ಅದೇ ಸಮಯಕ್ಕೆ ಟ್ಯಾಬ್ಲೆಟ್ಟೊಂದು ಕೈಗೆ ಬಂತು. ಅದರೊಳಗೆ ಎಲ್ಲಿಂದಲೋ ಒಂದು ಗುಂಪನ್ನು ಹುಡುಕಿಕೊಂಡರು. ಬೇರೆ ಬೇರೆ ದೇಶಗಳಲ್ಲಿ ಕುಳಿತ ಏಳೆಂಟು ಮಂದಿ ತಮ್ಮ ತಮ್ಮ ಊರಿನ ಬಿಯರು, ತಮ್ಮ ತಮ್ಮ ಊರಿನ ಚೀಸು ಮುಂದಿಟ್ಟುಕೊಂಡು ಮಾತಾಡುವ ಗುಂಪು. ಪ್ರತಿ ಶನಿವಾರ ಸಂಜೆ ಪರದೆಯ ಮೇಲೆ ಸೇರುವರು. ಒಬ್ಬರ ಬಾಟಲಿ ಇನ್ನೊಬ್ಬರ ಕೈಗೆ ಸಿಗುವಂತಿಲ್ಲ. ಹಾಗಾಗಿ ಅಲ್ಲಿ ಮಾತೇ ಎಲ್ಲ. ಹೇಳುವವನು ಚೆನ್ನಾಗಿ ಹೇಳಿದರೆ ಕೇಳುವವನ ಬಾಯಲ್ಲಿ ರುಚಿ ಬರಬೇಕು.

ಆ ಗುಂಪಿನಲ್ಲಿ ಮಾವನಿಗೆ ತುಂಬ ಹತ್ತಿರದವರು ಇಬ್ಬರು. ಬೆಲ್ಜಿಯಂ ದೇಶದ ಹೆಂಡ್ರಿಕ್, ರೈಲು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ. ಅವನ ಹೆಸರು ಕೇಳಿ ನನ್ನ ಗಂಡ, "ಹೆಸರಲ್ಲೇ ಹೆಂಡ ಉಂಟಲ್ಲ ಮಾರಾಯ್ತಿ" ಎಂದು ನಕ್ಕಿದ್ದರು. ಇನ್ನೊಬ್ಬಳು ಚೆಕ್ ದೇಶದ ಮಾರ್ತಾ, ಲೈಬ್ರರಿಯಲ್ಲಿ ಕೆಲಸ. ಜಗಳವಾಡದಿದ್ದರೆ ಅವಳಿಗೆ ಬಿಯರು ಇಳಿಯುತ್ತಿರಲಿಲ್ಲ. ಅವರಲ್ಲಿ ಒಂದು ಕಟ್ಟಳೆಯಿತ್ತು. ಅವತ್ತು ಯಾರ ಊರಿನ ಸರದಿಯೋ ಅವರೇ ಮೊದಲು ಬಾಯಿಗೆ ಹಾಕಿ ಮೊದಲ ಮಾತು ಹೇಳಬೇಕು. ಅಲ್ಲಿಯವರೆಗೆ ಉಳಿದವರು ತುಟಿ ಬಿಚ್ಚುವಂತಿಲ್ಲ. ಮುಂಬಯಿಯ ಸರದಿ ಬಂದಾಗ ಮಾವ ಬನಿಯನ್ನಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರದೆಯ ಮುಂದೆ ನೆಟ್ಟಗೆ ಕುಳಿತು, ಒಮ್ಮೆ ಎಡಹೊಳ್ಳೆ, ಒಮ್ಮೆ ಬಲಹೊಳ್ಳೆ ಮುಚ್ಚಿ, ಆಮೇಲೆ ತಮ್ಮ ಹೋಟೆಲ್ ಇಂಗ್ಲಿಷಿನಲ್ಲಿ ಹೇಳುವರು. ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಬರುವ ಪರಿಮಳ. ತಾಮ್ರದ ಹಂಡೆ ತೊಳೆದ ನೀರು. ಹೊಸ ಛತ್ರಿಯ ಒಳಗು. ದೂರದ ಊರಿನಲ್ಲಿ ಕುಳಿತ ಆ ಮುಖಗಳು ಕಣ್ಣು ಮುಚ್ಚಿಕೊಂಡು ಕೇಳುವವು. ಆಯುಷ್ಯವಿಡೀ ಬಿಲ್ಲು ಕೊಟ್ಟು ಚಿಲ್ಲರೆ ಎಣಿಸಿದ ಮನುಷ್ಯನ ಮಾತಿಗೆ ಜನ ಕಣ್ಣು ಮುಚ್ಚಿ ಕಾಯುವುದೆಂದರೆ ಏನೆಂದು ಅತ್ತೆಗೆ ಮೊದಲು ಅರ್ಥವಾಗಲಿಲ್ಲ. "ಕುಡಿಯುವುದಕ್ಕೂ ಭಾಷಣ ಯಾಕೆ ಇವರಿಗೆ?" ಎನ್ನುವರು. ಆದರೆ ಶನಿವಾರ ಅಂಗಿಗೆ ಇಸ್ತ್ರಿ ಮಾಡಿಡುತ್ತಿದ್ದವರು ಅವರೇ.

ಕೊರೊನಾದ ಎರಡನೆಯ ಅಲೆಯಲ್ಲಿ ಮಾವನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರುವಷ್ಟು ಆಗಲಿಲ್ಲ, ದೇವರ ದಯೆ. ಎದ್ದು ಓಡಾಡತೊಡಗಿದರು. ಶನಿವಾರದ ಸಭೆಗೂ ಕುಳಿತರು. ನಾವೆಲ್ಲ ಗಂಡಾಂತರ ಕಳೆಯಿತು ಎಂದುಕೊಂಡೆವು. ಮೆಟ್ಟಿಲಲ್ಲಿ ಅವರ ಸಾರುವಿಕೆ ನಿಂತುಹೋದದ್ದನ್ನು ನಾನು ಗಮನಿಸಿದ್ದೆ. ದಮ್ಮು ಕಟ್ಟುತ್ತಿರಬೇಕು ಎಂದುಕೊಂಡಿದ್ದೆ.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಊರಿನ ಫೋನಿಗೆ ಹೋದವಳು ಮಾತಿನಲ್ಲಿ ಮರೆತೆ. ಹಾಲು ಉಕ್ಕಿ, ಅಡಿ ಹಿಡಿದು, ಕರಟಿ, ಇಡೀ ಮೆಟ್ಟಿಲಿಗೆ ವಾಸನೆ ಹಬ್ಬಿತ್ತು. ಹೊಗೆ ಹೋಗಲೆಂದು ಬಾಗಿಲು ತೆರೆದಿಟ್ಟು ಪಾತ್ರೆ ಕೆರೆಯುತ್ತಿದ್ದೆ. ಮಾವ ತರಕಾರಿ ಚೀಲ ಹಿಡಿದು ಬಂದವರು ಬಾಗಿಲಲ್ಲಿ ನಿಂತರು.

"ಎಂತ ವಿಶೇಷ ಮಗಾ, ಬಾಗಿಲು ತೆರೆದಿಟ್ಟಿದ್ದೀಯಲ್ಲ?"

ನಾನು ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

"ಹಾಲು ಸೀದುಹೋಯ್ತಲ್ಲ ಮಾವ" ಎಂದೆ.

"ಹೌದಾ" ಎಂದರು. ಒಂದು ಹೊಳ್ಳೆ ಮುಚ್ಚಿ ಉಸಿರು ಎಳೆದರು. ಇನ್ನೊಂದು ಮುಚ್ಚಿ ಎಳೆದರು. ಬಳಿಕ ಕೈ ಕೆಳಗಿಳಿಸಿ, "ಯಾರಿಗೂ ಹೇಳಬೇಡ" ಎಂದರು. ಜ್ವರದಿಂದ ಎದ್ದ ದಿನದಿಂದ ಹೀಗೆಯೇ ಅಂತೆ. ಮೂಗು ಸತ್ತಿದೆ, ನಾಲಿಗೆ ಸತ್ತ ಹಾಗೆಯೇ. ಉಪ್ಪು, ಹುಳಿ ಎಲ್ಲ ಮೂರು ಗಲ್ಲಿ ಆಚೆ ಯಾರೋ ಯಾರನ್ನೋ ಕರೆದ ಹಾಗೆ. ಡಾಕ್ಟರು ಬರಬಹುದು, ಕಾಯಿರಿ ಎಂದಿದ್ದರು. ಕಾದಿದ್ದರು. ಬರಲಿಲ್ಲ.

"ಶನಿವಾರ ಎಂತ ಹೇಳ್ತೀರಿ ಹಾಗಾದರೆ?"

"ಹಳೇದನ್ನೇ ತಿರುಗಿಸಿ ಹೇಳ್ತೇನೆ. ಎಷ್ಟು ದಿನ ಆಗ್ತದೆ? ಆ ಮಾರ್ತಾ ಬಿಡುವವಳಲ್ಲ."

"ನಿಜ ಹೇಳಿಬಿಡಿ ಮಾವ, ಅವರು ಸ್ನೇಹಿತರಲ್ವಾ?"

ಮಾವ ತರಕಾರಿ ಚೀಲವನ್ನು ಕೈಯಿಂದ ಕೈಗೆ ಬದಲಿಸಿದರು. "ಅವರಿಗೆ ನನ್ನ ಮನೆ ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಹುಟ್ಟಿದ ಊರು ಗೊತ್ತಿಲ್ಲ. ಮೂಗು ಒಂದು ಗೊತ್ತು. ಅದೂ ಇಲ್ಲ ಅಂದರೆ ಅಲ್ಲಿ ನಾನು ಯಾರು ಮಗಾ?"

ಹೀಗೆ ನಾನು ಮಾವನ ಮೂಗಾದೆ. ನಾನು ಬಿಯರು ಕುಡಿದವಳಲ್ಲ, ಕುಡಿಯಲೂ ಇಲ್ಲ. "ಮೂಸಿ ಹೇಳು, ಸಾಕು" ಎಂದಿದ್ದರು. ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೈಗೆ ಸೋಪು ತಾಗಿಸದೆ ಬರೀ ನೀರಿನಲ್ಲಿ ತೊಳೆದುಕೊಂಡು ಮೇಲೆ ಹೋಗುತ್ತಿದ್ದೆ. ಮಾವ ಬಾಲ್ಕನಿಯ ಸ್ಟೂಲಿನ ಮೇಲೆ ಲೋಟ ಇಡುವರು, ಪಕ್ಕದಲ್ಲಿ ಚೀಸಿನ ತುಣುಕು. ನನಗೆ ತೋಚಿದ್ದನ್ನು ಹೇಳುವೆ. ಮೂರನೆಯ ದಿನದ ಇಡ್ಲಿ ಹಿಟ್ಟು. ಬೆಲ್ಲ ಕಾಯಿಸಿದ ಬಾಣಲೆಗೆ ನೀರು ಹೊಯ್ದ ಹಾಗೆ. ಮಗುವಿನ ನೆತ್ತಿ. ಮಾವ ಕೇಳಿಸಿಕೊಂಡು, ಬಾಯೊಳಗೆ ಇಂಗ್ಲಿಷಿಗೆ ತಿರುಗಿಸಿ ಕಲಿತುಕೊಳ್ಳುವರು, ಶಾಲೆಯ ಹುಡುಗರು ಮಗ್ಗಿ ಕಲಿತ ಹಾಗೆ. ಅತ್ತೆಗೆ ಎಲ್ಲ ಗೊತ್ತಿತ್ತು. ಅವರು ನನಗೆ ಚಹಾ ತಂದಿಡುವರು.

ನಿಜ ಹೇಳಬೇಕೆಂದರೆ ಆ ಮಧ್ಯಾಹ್ನಗಳು ನನಗೆ ಹಿತವಾಗಿದ್ದವು. ಅಡುಗೆ ಮಾಡುವವಳ ಮೂಗಿಗೆ ಬೆಲೆ ಕಟ್ಟಿದವರು ಯಾರಿದ್ದಾರೆ?

ಒಮ್ಮೆ ಮಾರ್ತಾಳ ದೇಶದ ಪದ್ಧತಿಯಂತೆ ಮುಂಬಯಿಯಲ್ಲೇ ಮಾಡಿದ ಒಂದು ಬಿಯರನ್ನು ಮಾವ ತಂದಿದ್ದರು. ನನಗೆ ಒದ್ದೆ ಗೋಣಿಚೀಲದ ವಾಸನೆ ಬಂತು; ಹಾಗೆಯೇ ಹೇಳಿದೆ. ಮಾವ ಅದನ್ನು ಅಲ್ಲಿ ಹೇಳಿದ್ದೇ ತಡ, ಮಾರ್ತಾ ಸಿಟ್ಟಾಗಿ ಸುಮಾರು ದಿನ ಅವರೊಡನೆ ಮಾತು ಬಿಟ್ಟಳು. ಉಳಿದವರಿಗೆ ಮಾತ್ರ ಅದು ತುಂಬ ಹಿಡಿಸಿತು. ಮರುವಾರ ನಾನು ಹೋದಾಗ ಮಾವ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಕುಳಿತಿದ್ದರು.

"ಹೆಂಡ್ರಿಕ್ ಬರೆದಿದ್ದಾನೆ. ಈಗೀಗ ನಾನು ಮೊದಲಿಗಿಂತ ಚೆಂದ ಹೇಳ್ತೇನಂತೆ."

ನಾನು ನಗಲು ಹೊರಟವಳು ನಿಲ್ಲಿಸಿಕೊಂಡೆ. ಅವರು ಲೋಟದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಸ್ವಚ್ಛವಾಗಿದ್ದ ಲೋಟ. ಉಜ್ಜುತ್ತಲೇ ಇದ್ದರು.

ಅವರ ಗುಂಪು ಆಗೊಮ್ಮೆ ಈಗೊಮ್ಮೆ ಯಾವುದಾದರೂ ಒಬ್ಬರ ದೇಶದಲ್ಲಿ ಕೂಡುವ ರೂಢಿಯಿತ್ತು. ಮಾವನಿಗೆ ಹೋಗಲಾಗುತ್ತಿರಲಿಲ್ಲ, ಅತ್ತೆಯ ಮಂಡಿನೋವು, ವಿಮಾನದ ಭಯ, ಏನೇನೋ. ಜ್ವರ ಬಂದು ಎರಡು ವರ್ಷವಾದ ಏಪ್ರಿಲಿನಲ್ಲಿ ಹೆಂಡ್ರಿಕ್ ಮತ್ತು ಮಾರ್ತಾ ತಾವೇ ಇಲ್ಲಿಗೆ ಬರುವುದೆಂದು ಗೊತ್ತುಮಾಡಿದರು. ತಮ್ಮ ಊರಿನ ಬಿಯರು, ತಮ್ಮ ಊರಿನ ಚೀಸು ತರುತ್ತಾರೆ. ಮಾವ ಮುಂಬಯಿಯದನ್ನು ಇಡಬೇಕು. ಒಂದೇ ಮೇಜಿನ ಮೇಲೆ ಮೂರು ಊರು. ಎಷ್ಟೋ ವರ್ಷ ಪರದೆಯಲ್ಲಿ ಕಂಡವರು ಎದುರಿಗೆ ಕೂರುತ್ತಾರೆ ಎಂದರೆ ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಮಾವನಿಗೆ ಅನ್ನ ಸೇರದಾಯಿತು.

"ಪರದೆಯಲ್ಲಿ ಆದರೆ ಕಲಿತದ್ದು ಒಪ್ಪಿಸಬಹುದು. ಎದುರಲ್ಲಿ ಅವರ ಚೀಸು ಬಿಚ್ಚಿ ಮೂಗಿಗೆ ಹಿಡಿದರೆ?"

ಕೊನೆಗೆ ಉಪಾಯ ಹೂಡಿದವರೂ ಅವರೇ. ನಾನು ಬಡಿಸುವ ನೆಪದಲ್ಲಿ ಜೊತೆಗಿರಬೇಕು. ಮೂಸಿ ನೋಡಿ, ಮನೆಯ ಮಾತು ಆಡಿದ ಹಾಗೆ ಕನ್ನಡದಲ್ಲಿ ಹೇಳಿಬಿಡಬೇಕು. "ಅವರಿಗೆ ಎಂತ ತಿಳೀತದೆ? ಉಪ್ಪು ತರಲಾ ಅಂತ ಕೇಳಿದ ಹಾಗೆ ಹೇಳು." ನನಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದೆ.

ಮನೆಯಲ್ಲಿ ಬಿಯರಿನ ಕೂಟಕ್ಕೆ ಅತ್ತೆ ಬಿಡುವಂತಿರಲಿಲ್ಲ. ಮಾವನ ಹಳೆಯ ಹೋಟೆಲಿನವರು ಮಹಡಿಯ ಮೇಲಿನ ಫ್ಯಾಮಿಲಿ ರೂಮನ್ನು ಸಂಜೆಯವರೆಗೆ ಅವರಿಗೆ ಬಿಟ್ಟುಕೊಟ್ಟರು. ಕೂಟ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ. ಮುಂಬಯಿಯ ಚೀಸು ಎಂದರೆ ಯಾವುದು? ಮಾವ ತುಂಬ ಯೋಚಿಸಿ ಟೋಪ್ಲಿ ಪನೀರನ್ನು ಆರಿಸಿದ್ದರು. ಪಾರ್ಸಿಗಳು ಪುಟ್ಟ ಬೆತ್ತದ ಬುಟ್ಟಿಗಳಲ್ಲಿ ಹೆಪ್ಪುಗಟ್ಟಿಸುವ ಮೆತ್ತನೆಯ ಪನೀರು ಅದು, ಅದರದೇ ಉಪ್ಪುನೀರಿನಲ್ಲಿ ತಣ್ಣಗೆ ಮುಳುಗಿಸಿಟ್ಟಿರಬೇಕು, ತುಟಿಗಿಟ್ಟರೆ ಕರಗುತ್ತದೆ. ದಾದರಿನಲ್ಲಿ ಹೇಳಿದರೆ ಮಾತ್ರ ಮಾಡಿಕೊಡುವ ಒಬ್ಬ ಪಾರ್ಸಿ ಮುದುಕಿಯಿದ್ದರು. ಮಾವ ಬೆಳಿಗ್ಗೆಯೇ ಲೋಕಲ್ ಹಿಡಿದು ಹೋಗಿ, ಸ್ಟೀಲ್ ಡಬ್ಬಿಯಲ್ಲಿ ಅದನ್ನು ತಂದು, ಸೀದಾ ಅಂಧೇರಿಗೆ ಒಯ್ದರು.

ಅಲ್ಲಿ ಅವರು ಮಾಡಿದ್ದು ಹೋಟೆಲಿನವರು ಮಾತ್ರ ಮಾಡುವ ತಪ್ಪು. ಗಿರಾಕಿ ಬಂದ ಮೇಲೆ ಎಲೆ ಹಾಕುವುದು ನಾಚಿಕೆಗೇಡು, ಬರುವ ಮೊದಲೇ ಮೇಜು ಸಿದ್ಧವಿರಬೇಕು ಎಂಬುದು ಅವರ ರಕ್ತದಲ್ಲಿ ಬಂದದ್ದು. ಬೆಳಿಗ್ಗೆಯೇ ಬಿಳಿ ಬಟ್ಟೆ ಹಾಸಿ, ಬಾಳೆ ಎಲೆ ಕತ್ತರಿಸಿ, ಪನೀರನ್ನು ನೀರಿನಿಂದ ತೆಗೆದು ಬಸಿದು ಚೆಂದವಾಗಿ ಜೋಡಿಸಿ, ಮೇಲೊಂದು ಬಲೆ ಮುಚ್ಚಿಟ್ಟುಬಿಟ್ಟರು. ಮಹಡಿಯ ಎ.ಸಿ. ಸಂಜೆಗೆ ಮೊದಲು ಹಾಕುವುದಿಲ್ಲ. ಏಪ್ರಿಲಿನ ಸೆಕೆ. ಮೂಗಿದ್ದ ಕಾಲದಲ್ಲಾದರೆ ಗಂಟೆಯೊಳಗೆ ಅವರಿಗೇ ತಿಳಿಯುತ್ತಿತ್ತು.

ನಾನು ಅತಿಥಿಗಳಿಗಿಂತ ಮೊದಲೇ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಬಂದ. ಅವನನ್ನು ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಅದನ್ನು ಇಳಿಸಿಕೊಂಡು, ರಿಕ್ಷಾ ಹಿಡಿದು, ಮಹಡಿ ಹತ್ತುವಾಗ ಮೇಲೆ ಮಾವನ ಸ್ವರ ಕೇಳಿಸುತ್ತಿತ್ತು. ಎಲ್ಲರೂ ಕುಳಿತಾಗಿತ್ತು. ಉದ್ದಕ್ಕೆ, ಬಿಳಿ ಗಡ್ಡದ, ಸೆಕೆಗೆ ಕೆಂಪಾದ ಹೆಂಡ್ರಿಕ್. ಗಿಡ್ಡ ಕೂದಲಿನ, ಕೈಬೀಸಣಿಗೆ ಹಿಡಿದ ಮಾರ್ತಾ. ಇಬ್ಬರ ಮುಂದೆಯೂ ಎಲೆ, ಎಲೆಯ ಮೇಲೆ ಪನೀರು, ಪಕ್ಕದಲ್ಲಿ ಬಿಯರು. ಮಾವ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದರು. ಒಂದು ತುಣುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಮೊದಲ ಮಾತು ಹೇಳುತ್ತಿದ್ದರು. ಬೆಳಗಿನ ಜಾವ ಕರೆದ ಹಾಲು, ಇನ್ನೂ ನೊರೆಯಿದೆ, ಹಸುವಿನ ಬಿಸಿ ಆರಿಲ್ಲ, ಎಂದು.

ಬಾಗಿಲಿನಲ್ಲೇ ನನಗೆ ಹೊಡೆಯಿತು. ಅದು ಹಳಸಿತ್ತು. ಸಂಶಯವೇ ಬೇಡ, ಹಸಿ ಹಾಲು ಒಡೆದು ಬಿಸಿಲಲ್ಲಿ ಬಿದ್ದ ವಾಸನೆ. ಮಾರ್ತಾ ತುಣುಕನ್ನು ಕೈಯಲ್ಲಿ ಹಿಡಿದಿದ್ದಳು, ಬಾಯಿಗೆ ಒಯ್ದಿರಲಿಲ್ಲ. ಹೆಂಡ್ರಿಕ್ ಆಗಲೇ ಬಾಯಿಗೆ ಹಾಕಿಕೊಂಡಿದ್ದ. ಅಗಿಯುತ್ತಿರಲಿಲ್ಲ. ಮಾವನ ಮುಖವನ್ನೇ ನೋಡುತ್ತಿದ್ದ. ಮನೆಯವನು ಹಾಲೆಂದ ಮೇಲೆ ಅತಿಥಿ ಹಳಸಿದೆ ಎನ್ನುವುದು ಹೇಗೆ?

ನಾನು ಒಪ್ಪಿಕೊಂಡದ್ದು ನೆನಪಾಯಿತು. ಉಪ್ಪು ತರಲಾ ಎಂದು ಕೇಳಿದ ಹಾಗೆ ಹೇಳಿದೆ, "ಮಾವ, ಪನೀರು ಹಳಸಿದೆ. ತಿನ್ನುವುದು ಬೇಡ."

ಮಾವ ಕಣ್ಣು ತೆರೆದರು. ನನ್ನನ್ನು ನೋಡಿದರು. ಅವರು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆ ಇಬ್ಬರೂ ಮರ್ಯಾದೆಗೆ ಒಂದು ತುಣುಕು ನುಂಗಿ, ತುಂಬ ಚೆನ್ನಾಗಿದೆ ಎಂದು, ಮುಂದಿನ ಬಾಟಲಿ ತೆರೆಯುತ್ತಿದ್ದರು. ಮಾವನ ಜಾಗ ಮಾವನಿಗೇ ಇರುತ್ತಿತ್ತು. ಆದರೆ ಆ ಮನುಷ್ಯ ಯಾವ ಗಿರಾಕಿಯ ಎಲೆಗೂ ಹಳಸಿದ್ದನ್ನು ಹೋಗಗೊಟ್ಟವರಲ್ಲ. ಮೇಜಿನ ಮೇಲೆ ಬಾಗಿ ಎರಡೂ ಕೈ ಚಾಚಿ, ಒಂದು ಅಂಗೈಯನ್ನು ಮಾರ್ತಾಳ ಎಲೆಯ ಮೇಲೆ, ಇನ್ನೊಂದನ್ನು ಹೆಂಡ್ರಿಕನ ಎಲೆಯ ಮೇಲೆ ಮುಚ್ಚಿದರು. ಬೆರಳುಗಳ ಸಂದಿನಿಂದ ಪನೀರು ಪಿಚಕ್ಕೆಂದು ಹೊರಬಂತು.

"ತಿನ್ನಬೇಡಿ. ಕೆಟ್ಟಿದೆ" ಎಂದರು ಇಂಗ್ಲಿಷಿನಲ್ಲಿ. "ನನಗೆ ತಿಳಿಯಲಿಲ್ಲ. ನನಗೆ ವಾಸನೆ ತಿಳಿಯುವುದಿಲ್ಲ. ಎರಡು ವರ್ಷದಿಂದ ಇಲ್ಲ."

ಹೆಂಡ್ರಿಕ್ ಬಾಯಲ್ಲಿದ್ದದ್ದನ್ನು ಕಾಗದಕ್ಕೆ ಉಗುಳಿದ. ಮಾರ್ತಾ ಬೀಸಣಿಗೆ ನಿಲ್ಲಿಸಿದಳು.

"ಎರಡು ವರ್ಷ?" ಎಂದಳು. "ಹಾಗಾದರೆ ನೀವು ಹೇಳುತ್ತಿದ್ದದ್ದೆಲ್ಲ?"

ಮಾವ ಕೈ ಎತ್ತದೆ ಗದ್ದದಿಂದಲೇ ನನ್ನನ್ನು ತೋರಿಸಿದರು. "ಅವಳ ಮೂಗು. ನನ್ನ ನೆರೆಮನೆಯವಳು. ನನ್ನದು ಬರೀ ಇಂಗ್ಲಿಷ್."

ಮಾರ್ತಾ ಕುರ್ಚಿ ಸರಿಸಿ ಎದ್ದು ನನ್ನ ಎದುರಿಗೆ ಬಂದು ನಿಂತಳು. ಅವಳ ಕೆನ್ನೆ ನಿಜವಾಗಿಯೂ ಸಿಟ್ಟಿನಿಂದ ಕೆಂಪಾಗಿತ್ತು.

"ಒದ್ದೆ ಗೋಣಿ ಎಂದದ್ದು ನೀನೋ?"

ನನ್ನ ಇಂಗ್ಲಿಷು ಬಜಾರಿಗೆ ಸಾಕಾಗುವಷ್ಟು. "ಹೌದು" ಎಂದೆ. "ಒದ್ದೆ ಗೋಣಿ. ಜೂನ್ ತಿಂಗಳದ್ದು."

ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಆ ರೂಮಿನ ಗಾಜೆಲ್ಲ ಅದುರುವ ಹಾಗೆ ನಕ್ಕಳು. ನನಗೂ ನಗು ಬಂತು. ಮಾವನಿಗೆ ಮಾತ್ರ ಬರಲಿಲ್ಲ. ಅವರು ಇನ್ನೂ ಎಲೆಗಳ ಮೇಲೆ ಕೈಯಿಟ್ಟುಕೊಂಡು ಬಾಗಿಯೇ ನಿಂತಿದ್ದರು.

ಹೆಂಡ್ರಿಕ್ ಕೇಳಿದ, "ಯಾಕೆ ಹೇಳಲಿಲ್ಲ?"

"ಹೇಳಿದರೆ ಶನಿವಾರ ನನ್ನನ್ನು ಯಾಕೆ ಕರೀತೀರಿ?"

ಅವನು ಸಮಾಧಾನ ಹೇಳಲಿಲ್ಲ. ಬೆನ್ನು ತಟ್ಟಲಿಲ್ಲ. ಎದ್ದು, ತನ್ನ ಬ್ಯಾಗಿನಿಂದ ಒಂದು ಕಪ್ಪು ಬಾಟಲಿ ತೆಗೆದ. ಅಷ್ಟು ದೂರದಿಂದ ಉಣ್ಣೆಯ ಸಾಕ್ಸಿನಲ್ಲಿ ಸುತ್ತಿ ತಂದದ್ದು. ಆ ಬಾಟಲಿಯನ್ನು ಐಸಿನಲ್ಲಿ ಒಂದಷ್ಟು ಹೊತ್ತು ಇಟ್ಟ. ಅಷ್ಟರಲ್ಲಿ ಕೆಳಗಿನ ಮ್ಯಾನೇಜರು ಬಂದು ಎಲೆಗಳನ್ನು ಎತ್ತಿಸಿ, ಎ.ಸಿ. ಹಾಕಿಸಿ, "ಅಣ್ಣಾ, ಕೈ ತೊಳೀರಿ" ಎಂದು ಮಾವನನ್ನು ಬೇಸಿನ್ನಿಗೆ ಕರೆದೊಯ್ದರು. ಬಂದು ಕುಳಿತ ಮೇಲೆ ಹೆಂಡ್ರಿಕ್ ಲೋಟಕ್ಕೆ ಸುರಿದು ಮಾವನ ಮುಂದೆ ದೂಡಿದ.

"ನಾವು ಕುಳಿತಿರುವುದು ನಿಮ್ಮ ಊರಿನಲ್ಲಿ. ಮೊದಲ ಮಾತು ನಿಮ್ಮದು."

ಮಾವ ನನ್ನ ಕಡೆ ತಿರುಗಿದರು. ಹೆಂಡ್ರಿಕ್ ಬೇಡವೆಂದು ತಲೆಯಾಡಿಸಿದ. "ಅವರದನ್ನು ಆಮೇಲೆ ಕೇಳುತ್ತೇನೆ. ನಿಮ್ಮದು ಹೇಳಿ."

ಮಾವ ಕುಡಿದರು. ಹೊಳ್ಳೆ ಮುಚ್ಚಲಿಲ್ಲ, ಕಣ್ಣು ಮುಚ್ಚಲಿಲ್ಲ. ಕೆಳಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಇಬ್ಬರೂ ತುಟಿ ಬಿಚ್ಚದೆ ಕಾದರು.

"ತಣ್ಣಗಿದೆ" ಎಂದರು ಮಾವ. ಸ್ವಲ್ಪ ತಡೆದು, "ಭಾರ ಇದೆ" ಎಂದರು. ಇನ್ನೂ ಸ್ವಲ್ಪ ತಡೆದು, "ಅಷ್ಟೇ. ಮತ್ತೆ ಏನೂ ಇಲ್ಲ."

"ಸರಿ" ಎಂದು ಹೆಂಡ್ರಿಕ್ ತನ್ನ ಲೋಟ ಎತ್ತಿಕೊಂಡ.

ಸಂಜೆಯ ಗಿರಾಕಿಗಳು ಕೆಳಗೆ ತುಂಬುವವರೆಗೂ ಅವರು ಕುಳಿತಿದ್ದರು. ಬೆಲ್ಜಿಯಂನ ಚೀಸು ಬಿಚ್ಚಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಮಳೆಗಾಲದಲ್ಲಿ ಒಣಗದ ಸಾಕ್ಸು!" ಎಂದೆ, ಮಾವ ಈಗ ಬಹಿರಂಗವಾಗಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮಾರ್ತಾಳಿಗೆ ಪರಮಾನಂದವಾಯಿತು. ಆದರೆ ಪ್ರತಿ ಸಲವೂ ಮೊದಲ ಮಾತನ್ನು ಅವರು ಮಾವನಿಂದಲೇ ಹೇಳಿಸಿದರು. ಜಿಗುಟು. ಒರಟು. ಬೆಚ್ಚಗಾಗಿದೆ. ಏನೂ ಇಲ್ಲ. ಕೊನೆಯಲ್ಲಿ ಮ್ಯಾನೇಜರು ತೆಗೆದ ಫೋಟೋ ನನ್ನ ಫೋನಿನಲ್ಲಿದೆ. ಮೇಜಿನ ಮೇಲೆ ಎರಡು ದೇಶದ ತಟ್ಟೆಗಳಿವೆ. ಮುಂಬಯಿಯ ಜಾಗದಲ್ಲಿ ಬಿಳಿ ಬಟ್ಟೆ ಮಾತ್ರ, ಅದರ ಮೇಲೊಂದು ಒದ್ದೆ ಕಲೆ.

ಹಿಂದಿರುಗುವಾಗ ಹೈವೇಯಲ್ಲಿ ರಿಕ್ಷಾ ನಿಂತು ನಿಂತು ಸಾಗುತ್ತಿತ್ತು. ಸಾಂತಾಕ್ರೂಜಿನ ತಿರುವಿನಲ್ಲಿ ಮಾವ ಹೇಳಿದರು, "ಇನ್ನು ಶನಿವಾರ ನೀನು ಬರಬೇಡ ಮಗಾ."

ನನಗೆ ಚುಚ್ಚಿತು. "ನಾನು ಅಲ್ಲಿ ಹೇಳಬಾರದಿತ್ತಾ ಮಾವ?"

"ಛೆ. ನೀನು ಹೇಳದಿದ್ದರೆ ಆ ಮನುಷ್ಯನ ಹೊಟ್ಟೆ ಕೆಡ್ತಿತ್ತು, ನಾನು ಸಾಯುವವರೆಗೆ ನೆನೀತಿದ್ದೆ." ಖಾಲಿ ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ, "ಅವರು ನನ್ನನ್ನು ಕೇಳಿದ್ರಲ್ಲ. ಅದಕ್ಕೆ ನಾನೇ ಹೇಳಬೇಕು. ತಿಳಿಯುವುದಿಲ್ಲ ಅಂತಲೂ ನಾನೇ ಹೇಳಬೇಕು" ಎಂದರು.

ಮುಂದಿನ ಶನಿವಾರ ಬೇಡವೆಂದುಕೊಂಡರೂ ಸಂಜೆ ಕಾಲು ತಾನಾಗಿ ಮೇಲೆ ಹತ್ತಿತು. ಕೈಯಲ್ಲಿ ನೆಪಕ್ಕೊಂದು ಬಟ್ಟಲು ಪಾಯಸ. ಬಾಗಿಲು ಓರೆಯಾಗಿತ್ತು. ಒಳಗೆ ಮಾವನ ಬೆನ್ನು, ಇಸ್ತ್ರಿ ಅಂಗಿ, ಆಚೆ ಪರದೆಯಲ್ಲಿ ಪುಟ್ಟ ಪುಟ್ಟ ಮುಖಗಳು. ಅವರಲ್ಲಿ ಎಷ್ಟೋ ಮಂದಿಗೆ ಅವತ್ತೇ ತಿಳಿಯುತ್ತಿದ್ದದ್ದಿರಬೇಕು; ಯಾರೂ ಮಿಸುಕುತ್ತಿರಲಿಲ್ಲ. ಮಾವ ಲೋಟ ಕೆಳಗಿಟ್ಟು ಹೇಳುತ್ತಿದ್ದರು.

"ಬೇರೆಯವರ ಮನೆಯಲ್ಲಿ ನೀರು ಕುಡಿದ ಹಾಗೆ. ಬಾಯಾರಿಕೆ ಹೋಯಿತು. ಯಾರ ಮನೆ ಎಂದು ತಿಳಿಯಲಿಲ್ಲ."

ಮಾರ್ತಾ ಜೋರಾಗಿ ಏನೋ ಅಂದಳು, ಎಲ್ಲರೂ ನಕ್ಕರು. ಆ ನಗುವಿನೊಳಗೆ ಮಾವನ ನಗುವೂ ಇತ್ತು. ಜ್ವರದ ಮೇಲೆ ನಾನು ಅದನ್ನು ಕೇಳಿದ್ದು ಅದೇ ಮೊದಲು. ನಗು ಇಳಿದ ಮೇಲೆ ಹೆಂಡ್ರಿಕನ ದಪ್ಪ ಸ್ವರ ಕೇಳಿತು, ನಿಮ್ಮ ನೆರೆಮನೆಯವರು ಬಂದಿಲ್ಲವೇ ಎಂದು.

"ಇಲ್ಲ" ಎಂದರು ಮಾವ. "ಇವತ್ತು ಇರುವುದು ನಾನೊಬ್ಬನೇ."

ನಾನು ಬಟ್ಟಲನ್ನು ಹೊಸ್ತಿಲ ಒಳಗೆ ಸದ್ದಾಗದಂತೆ ಇಟ್ಟು, ಕೆಳಗಿಳಿದು ಬಂದೆ.